ಚಿಕ್ಕಮ್ಮನ ಮುನಿಸು

ನಮ್ಮ ಊರಿನಲ್ಲಿ ಬೇಸಿಗೆ ರಜೆಗೆ ಎಲ್ಲಿಗೆ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಈ ವರ್ಷ ಯಾರ ಮುನಿಸು ತಡೆದುಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಹೋಗುವುದಕ್ಕೆ ಇರುವುದೇ ಎರಡು ಜಾಗ. ದೋಣಿಕಟ್ಟೆಯ ಮೇಲೆ ನಿಂತರೆ ಎಡಗಡೆ ದೊಡ್ಡಮ್ಮ, ಬಲಗಡೆ ಚಿಕ್ಕಮ್ಮ. ಎರಡು ನಡುಗಡ್ಡೆಗಳ ನೆತ್ತಿಯಲ್ಲೂ ಬೆಂಕಿ ಇದೆ. ದೊಡ್ಡಮ್ಮ ಅಗಲ, ಕುಳ್ಳಗೆ, ಸೊಂಟದ ಸುತ್ತ ಹಸಿರು, ಮಡಿಲಲ್ಲಿ ಬಿಸಿನೀರಿನ ಕೊಳಗಳು. ಚಿಕ್ಕಮ್ಮ ಎತ್ತರ, ತೆಳ್ಳಗೆ, ಮೈತುಂಬ ಕರಿ ಮರಳು, ತಲೆಯ ಮೇಲೆ ಸದಾ ಒಂದು ಎಳೆ ಹೊಗೆ.

ಒಬ್ಬರ ಮನೆಗೆ ಹೋದರೆ ಇನ್ನೊಬ್ಬರಿಗೆ ಸಿಟ್ಟು. ನೆಂಟರಲ್ಲಿ ಇದು ಎಲ್ಲ ಕಡೆಯೂ ಇರುವುದೇ. ನಮ್ಮಲ್ಲಿ ಆ ಸಿಟ್ಟು ಮನೆಯವರೆಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ದೊಡ್ಡಮ್ಮ ಮುನಿದರೆ ಕಾಲು ಅಪ್ಪಳಿಸುತ್ತಾಳೆ. ನಿಮ್ಮ ಮನೆಯೊಂದೇ ದಿನಕ್ಕೆ ಮೂರು ನಾಲ್ಕು ಸಲ ನಡುಗುತ್ತದೆ. ಪಕ್ಕದ ಮನೆಯ ಗೋಡೆಗೆ ಒರಗಿಸಿಟ್ಟ ಪೊರಕೆಯೂ ಅಲುಗುವುದಿಲ್ಲ. ಅಟ್ಟದ ಮೇಲಿನ ಲೋಟಗಳು ಉರುಳುತ್ತವೆ, ಹೆಪ್ಪು ಹಾಕಿದ ಹಾಲು ಮೊಸರಾಗಲೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡುತ್ತದೆ. ಚಿಕ್ಕಮ್ಮ ಮುನಿದರೆ ಸದ್ದಿಲ್ಲ. ಬಿಸಿಲು ಚೆನ್ನಾಗಿರುವ ಹೊತ್ತು ನೋಡಿ ನಿಮ್ಮ ಮನೆಯ ಮೇಲೆ ಮಾತ್ರ ಬೂದಿ ಉದುರಿಸುತ್ತಾಳೆ. ಎರಡೂ ಮುಂದಿನ ಬೇಸಿಗೆಯವರೆಗೆ.

ಒಂದೇ ರಜೆಯಲ್ಲಿ ಇಬ್ಬರ ಬಳಿಗೂ ಹೋಗಿ ಬರುತ್ತೇವೆಂದು ಹೊರಟ ಬುದ್ಧಿವಂತರು ಉಂಟು. ಬೇಗ ಹೊರಟುಬಿಟ್ಟರೆಂದು ಮೊದಲನೆಯವಳಿಗೆ ಕೋಪ, ಕೊನೆಗೆ ಬಂದರೆಂದು ಎರಡನೆಯವಳಿಗೆ ಕೋಪ. ಎಲ್ಲಿಗೂ ಹೋಗದೆ ಮನೆಯಲ್ಲೇ ಕುಳಿತಿದ್ದ ನಿವೃತ್ತ ಪೋಸ್ಟ್ ಮಾಸ್ತರರ ಮನೆಗೆ ನಡುಕವೂ ಬಂತು, ಬೂದಿಯೂ ಬಂತು. ವರ್ಷವಿಡೀ ಜರಡಿಯೊಳಗೆ ಸಂಸಾರ ಮಾಡಿದ ಹಾಗಾಯಿತು ಎಂದು ಅವರ ಹೆಂಡತಿ ಈಗಲೂ ಹೇಳುತ್ತಾರೆ.

ಸಿಟ್ಟು ಸ್ವಲ್ಪ ಕಡಿಮೆಯಾಗಲೆಂದು ನಾವು ಮಾಡುವುದು ಒಂದೇ: ನೆಪ ಹೇಳುವುದು. ಹೊರಡುವ ದಿನ ಬೆಳಿಗ್ಗೆ ದೋಣಿ ಹತ್ತುವ ಮೊದಲು ಮನೆಯವರೆಲ್ಲ ಕಟ್ಟೆಯ ತುದಿಯಲ್ಲಿ ನಿಂತು, ಯಾರ ಬಳಿ ಹೋಗುತ್ತಿಲ್ಲವೋ ಅವಳ ಕಡೆ ಮುಖ ಮಾಡಿ, ಯಾಕೆ ಬರಲಾಗುತ್ತಿಲ್ಲ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದನ್ನು ಗಟ್ಟಿಯಾಗಿ ಓದಬೇಕು. ನೆಪ ಮನಸ್ಸಿಗೆ ಒಪ್ಪಿದರೆ ಮುನಿಸು ಅರ್ಧ. ಸುಳ್ಳೆಂದು ಗೊತ್ತಾದರೆ ದುಪ್ಪಟ್ಟು. ನಮ್ಮ ಪಕ್ಕದ ಮನೆಯ ತುಂಗಕ್ಕ ಒಮ್ಮೆ, ನಮ್ಮ ಅಜ್ಜಿ ಹಾಸಿಗೆ ಹಿಡಿದಿದ್ದಾರೆ ಎಂದು ಚಿಕ್ಕಮ್ಮನಿಗೆ ಓದಿ, ಅದೇ ಅಜ್ಜಿಯನ್ನು ದೊಡ್ಡಮ್ಮನ ಕೊಳದಲ್ಲಿ ಮೊಮ್ಮಕ್ಕಳ ಜೊತೆ ನೀರಾಟಕ್ಕೆ ಬಿಟ್ಟಳು. ಚಿಕ್ಕಮ್ಮನ ಕಣ್ಣು ಚುರುಕು. ಆ ವರ್ಷ ತುಂಗಕ್ಕನ ಮನೆಯ ಕಿಟಕಿಯವರೆಗೆ ಬೂದಿ. ಬೀದಿಯವರೆಲ್ಲ ಬಟ್ಟಲು ಹಿಡಿದು ಹೋಗಿ ಪಾತ್ರೆ ಉಜ್ಜಲು ತಂದುಕೊಂಡೆವು. ನಮ್ಮ ತಪ್ಪಲೆಗಳು ಆ ವರ್ಷ ಹೊಳೆದಂತೆ ಮತ್ತೆ ಎಂದೂ ಹೊಳೆಯಲಿಲ್ಲ.

ಅದಾದ ಮೇಲೆ ಬೀದಿಯವರು ನೆಪ ಬರೆಸಲು ನನ್ನ ಹತ್ತಿರ ಬರತೊಡಗಿದರು. ನಾನು ಹೆಚ್ಚು ಓದಿದವಳಲ್ಲ. ಆದರೆ ಬೇಸರವಾದವರ ಎದುರು ಹೇಗೆ ಮಾತು ಶುರು ಮಾಡಬೇಕೆಂದು ಮಗು ಸಾಕಿದವರಿಗೆಲ್ಲ ಗೊತ್ತಿರುತ್ತದೆ. ಮೊದಲು ಒಂದು ನಿಜ ಹೇಳಬೇಕು, ನಡುವೆ ಸುಳ್ಳನ್ನು ಹೂರಣದ ಹಾಗೆ ಇಡಬೇಕು, ಕೊನೆಗೆ ಮಕ್ಕಳ ಹೆಸರಿನಲ್ಲಿ ಮುಚ್ಚಬೇಕು. ಹದಿನಾರು ಮನೆಗಳಿಗೆ ಬರೆದುಕೊಟ್ಟಿದ್ದೇನೆ. ಯಾರ ಮನೆಗೂ ಅರ್ಧಕ್ಕಿಂತ ಹೆಚ್ಚು ಮುನಿಸು ಬಂದಿಲ್ಲ.

ಸ್ವಂತ ಮನೆಯದೇ ಬೇರೆ ಕಥೆ. ನಮ್ಮವರ ಹೆಸರು ಶ್ರೀಪಾದ, ಗಡಿಯಾರ ರಿಪೇರಿ ಮಾಡುತ್ತಾರೆ. ನಡುಮನೆಯ ಕಿಟಕಿಯ ಬಳಿ ಅವರ ಮೇಜು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲಿನಂಥ ಸ್ಪ್ರಿಂಗನ್ನು ಎತ್ತಿ ಇಡುವಾಗ ನಾವೆಲ್ಲ ಉಸಿರನ್ನೂ ಮೆಲ್ಲಗೆ ಬಿಡಬೇಕು. ದೊಡ್ಡಮ್ಮ ಒಮ್ಮೆ ಕಾಲು ಅಪ್ಪಳಿಸಿದರೆ ಅವರ ಇಡೀ ದಿನದ ಕೆಲಸ ಮೇಜಿನಡಿ ಚೆಲ್ಲಾಪಿಲ್ಲಿ. ನನ್ನದು ಸಂಡಿಗೆ. ಬೇಸಿಗೆ ಬಂತೆಂದರೆ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಅರಳು ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಬೂದುಗುಂಬಳದ ಸಂಡಿಗೆ ಇಡುತ್ತೇನೆ. ಚಿಕ್ಕಮ್ಮ ಒಮ್ಮೆ ಬೂದಿ ಉದುರಿಸಿದರೆ ಹಸಿ ಸಂಡಿಗೆಯ ಗತಿ ಏನೆಂದು ಹೇಳಬೇಕಾಗಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ರಜೆಗೆ ಎಲ್ಲಿಗೆ ಎಂದರೆ, ಈ ವರ್ಷ ಯಾರ ಕೆಲಸ ಕೆಡಲಿ ಎಂದು ಅರ್ಥ. ಮದುವೆಯಾಗಿ ಹನ್ನೆರಡು ವರ್ಷ, ಹನ್ನೆರಡು ಸಲವೂ ದೊಡ್ಡಮ್ಮನ ಬಳಿಗೇ ಹೋಗಿದ್ದೇವೆ. ಹೆಣ್ಣು ಮಕ್ಕಳು ಹೊತ್ತು ಹೋಗಲೆಂದು ಮಾಡುವ ಕೆಲಸ, ಮನೆಗೆ ಸಾಕಾಗುವಷ್ಟು ಹೇಗೋ ಒಣಗುತ್ತದೆ ಎಂದು ನಾನೂ ಸುಮ್ಮನಿದ್ದೆ. ಬೂದಿ ಬೀಳದ ಮುಂಜಾನೆಯ ಒಂದು ಗಂಟೆಯಲ್ಲಿ ಒಣಗಿಸಿ, ಮಿಕ್ಕ ಹೊತ್ತು ಮಂಚದ ಕೆಳಗೆ ಹರಡಿ, ಮನೆಯವರೆಲ್ಲ ಸಬ್ಬಕ್ಕಿಯ ಮೇಲೆ ಮಲಗಿದಂತೆ ಮಲಗುತ್ತಿದ್ದೆವು.

ಆದರೆ ಈ ವರ್ಷ ಮಾರ್ಚಿನಲ್ಲಿ ದೋಣಿಕಟ್ಟೆಯ ಕ್ಯಾಂಟೀನಿನವರು ನನ್ನ ಅರಳು ಸಂಡಿಗೆ ತಿಂದು ನೋಡಿ, ಹದಿನೈದು ದಿನಕ್ಕೆ ಎರಡು ದೊಡ್ಡ ಡಬ್ಬ ಕೊಡಬಲ್ಲಿರಾ ಎಂದು ಕೇಳಿದರು. ಊಟದ ಜೊತೆ ಎಲ್ಲರ ಎಲೆಗೂ ಹಾಕುತ್ತೇವೆ, ಒಮ್ಮೆ ತಪ್ಪಿದರೆ ಬೇರೆಯವರಿಗೆ ಹೇಳುತ್ತೇವೆ ಎಂದೂ ಹೇಳಿದರು. ಕೊಡುತ್ತೇನೆ ಎಂದೆ. ಅಷ್ಟು ಗಟ್ಟಿಯಾಗಿ ನಾನು ಬೇರೆ ಯಾವುದಕ್ಕೂ ಹೂಂ ಅಂದಿದ್ದು ನೆನಪಿಲ್ಲ. ಹದಿನೈದು ದಿನಕ್ಕೆ ಎರಡು ಡಬ್ಬವೆಂದರೆ ಮಂಚದ ಕೆಳಗಿನ ಕೆಲಸವಲ್ಲ. ಇಡೀ ತಾರಸಿ ಬೇಕು, ಇಡೀ ದಿನದ ಬಿಸಿಲು ಬೇಕು, ಚಿಕ್ಕಮ್ಮನ ಮೊಗದಲ್ಲಿ ನಗು ಬೇಕು.

ಹಾಗಾಗಿ ಈ ಸಲ ಊಟಕ್ಕೆ ಕುಳಿತಾಗ, ಚಿಕ್ಕಮ್ಮನ ಬಳಿ ಹೋಗೋಣ ಎಂದು ನಾನೇ ಮೊದಲು ಬಾಯಿಬಿಟ್ಟೆ. ಹತ್ತು ವರ್ಷದ ಮಗಳು ಚಂಪಕ ತಟ್ಟೆ ಬಿಟ್ಟು ಎದ್ದು ಕುಣಿದಳು. ಚಿಕ್ಕಮ್ಮನ ಕರಿ ಮರಳಿನ ಇಳಿಜಾರಿನಲ್ಲಿ ಹಲಗೆಯ ಮೇಲೆ ಕುಳಿತು ಜಾರಬಹುದು, ಹಬೆ ಬರುವ ಬಿಲದಲ್ಲಿ ಗೆಣಸು ಹೂತಿಟ್ಟು ಬೇಯಿಸಬಹುದು ಎಂದು ಶಾಲೆಯಲ್ಲಿ ಕೇಳಿ ಬಂದಿದ್ದಳು. ಅತ್ತೆ ಭಾಗೀರಥಮ್ಮನವರು ಸಾರು ಕಲಸುವುದನ್ನು ನಿಲ್ಲಿಸಿ ತಮ್ಮ ಬಲಮಂಡಿಯನ್ನು ನೋಡಿಕೊಂಡರು. ಅವರಿಗೆ ದೊಡ್ಡಮ್ಮನ ಬಿಸಿನೀರು ಬೇಕು. ಆ ನೀರಿನಲ್ಲಿ ಐದು ದಿನ ಕಾಲಿಟ್ಟರೆ ದೀಪಾವಳಿಯವರೆಗೆ ಮಂಡಿ ಮಾತಾಡುವುದಿಲ್ಲ. ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ನಮ್ಮವರು ಗಡಿಯಾರದ ಸುದ್ದಿಯನ್ನೇ ಎತ್ತಲಿಲ್ಲ. ಅಮ್ಮನ ಮಂಡಿ, ಅಮ್ಮನ ಮಂಡಿ ಎಂದು ಎರಡು ಸಲ ಹೇಳಿ ಮಜ್ಜಿಗೆ ಹಾಕಿಸಿಕೊಂಡರು. ಅಮ್ಮನ ಮಂಡಿಗೆ ಅವರು ಅಷ್ಟು ಮರುಗಿದ್ದನ್ನು ಅತ್ತೆಯೂ ಮೊದಲ ಸಲ ನೋಡಿದ್ದು.

ಎರಡಕ್ಕೆ ಎರಡು ಓಟು. ನಾಳೆ ನೋಡೋಣ ಎಂದು ಎದ್ದೆವು. ಮರುದಿನ ಸಂಜೆ ನಾನು ಹಿಟ್ಟು ರುಬ್ಬಿ ಒಳಗೆ ಬರುವಷ್ಟರಲ್ಲಿ ಚಂಪಕ ಅಪ್ಪನ ಮೇಜಿನ ಪಕ್ಕ ಕುಳಿತಿದ್ದಳು. ಅವಳ ಮಡಿಲಲ್ಲಿ, ಗಂಟೆಗೊಮ್ಮೆ ಬಾಗಿಲು ತೆರೆದು ಮರದ ಹಕ್ಕಿ ಕೂಗುವ ಗಡಿಯಾರ. ಯಾರೋ ರಿಪೇರಿಗೆ ಕೊಟ್ಟು ವಾಪಸು ಒಯ್ಯಲು ಮರೆತದ್ದು, ಎಂಟು ವರ್ಷದಿಂದ ಅಟ್ಟದ ಮೇಲಿತ್ತು. ಈಗ ನಿನ್ನದೇ ಎಂದರಂತೆ ಅಪ್ಪ. ನನ್ನ ಮುಖ ನೋಡದೆ ಮಗಳು, “ಅಮ್ಮ, ಅಜ್ಜಿ ಮಂಡಿ ಪಾಪ ಅಲ್ವಾ?” ಎಂದಳು. ಹಕ್ಕಿ ಬಾಗಿಲು ತೆರೆದು ಆರು ಸಲ ಹೌದೆಂದಿತು.

ನನಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ಹತ್ತು ವರ್ಷದವಳಿಗೆ ಹಕ್ಕಿ ಇರುವ ಗಡಿಯಾರದ ಮುಂದೆ ಅಮ್ಮನ ಸಂಡಿಗೆ ಏನು ಮಹಾ. ನಮ್ಮವರ ಮೇಲೆ ಬಂತು. ಆದರೆ ಅವರ ಮೇಲೆ ಬಂದ ಸಿಟ್ಟನ್ನು ನಾನು ಯಾವಾಗಲೂ ಹಿಟ್ಟಿಗೆ ಹಾಕಿ ಕಲಸುತ್ತೇನೆ. ಹಿಟ್ಟು ಚೆನ್ನಾಗಿ ಹದಕ್ಕೆ ಬರುತ್ತದೆ. ಕ್ಯಾಂಟೀನಿನ ಮಾತನ್ನು ನೆನಪಿಸಿದೆ. ಅವರು ಭೂತಗನ್ನಡಿಯನ್ನು ಕಣ್ಣಿಂದ ತೆಗೆಯದೆ, ಅದರೊಳಗಿಂದಲೇ ನನ್ನನ್ನು ನೋಡಿದರು. ಅವರಿಗೆ ನಾನು ಎಷ್ಟು ದೊಡ್ಡದಾಗಿ ಕಂಡೆನೋ ತಿಳಿಯದು.

“ನೀನು ಊರಿಗೆಲ್ಲ ನೆಪ ಬರ್ಕೊಡ್ತೀಯ ವನಜ, ನಮ್ಮನೆಗೂ ಒಂದು ಚೆನ್ನಾಗಿ ಬರಿ. ಚಿಕ್ಕಮ್ಮ ಅರ್ಧ ಬೂದಿ ತಾನೆ ಹಾಕೋದು. ಅರ್ಧ ಸಂಡಿಗೆ ಒಣಗುತ್ತೆ” ಎಂದರು.

ಅರ್ಧ ನಡುಕ ಬಂದರೆ ಅರ್ಧ ಗಡಿಯಾರ ಓಡುತ್ತದೆಯೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಾಲು ಉಕ್ಕಿತು. ನನ್ನ ಎಷ್ಟೋ ಒಳ್ಳೆಯ ಮಾತುಗಳು ಹೀಗೆ ಹಾಲಿನ ಪಾಲಾಗಿವೆ.

ಬರೆದೆ. ಅತ್ತೆಯ ಮಂಡಿಯಿಂದ ಶುರು ಮಾಡಿದೆ, ನಡುವೆ ವೈದ್ಯರು ಮರಳಿನಲ್ಲಿ ನಡೆಯಬಾರದೆಂದು ಹೇಳಿದ್ದಾರೆ ಎಂದು ಇಟ್ಟೆ, ಚಂಪಕ ಮುಂದಿನ ವರ್ಷ ಖಂಡಿತ ಬರುತ್ತಾಳೆ ಎಂದು ಮುಚ್ಚಿದೆ. ನಾನು ಬರೆದುದರಲ್ಲೆಲ್ಲ ಅಚ್ಚುಕಟ್ಟಾದ ನೆಪ ಅದು. ಓದಿ ನಮ್ಮವರು ತಲೆದೂಗಿದರು. ಅತ್ತೆ ಕೇಳಿಸಿಕೊಂಡು ಕಣ್ಣೊರೆಸಿಕೊಂಡು, ಯಾವ ವೈದ್ಯರು ಎಂದು ಕೇಳಿದರು.

ಹೊರಡುವ ದಿನ ಕಟ್ಟೆಯ ಮೇಲೆ ನಮ್ಮ ಮುಂದೆ ಮೂರು ಮನೆಯವರಿದ್ದರು, ಹಿಂದೆ ತುಂಗಕ್ಕನ ಮನೆಯವರು. ಬೇರೆಯವರ ನೆಪ ಕೇಳುವುದು ನಮ್ಮ ಊರಿನ ದೊಡ್ಡ ಮನರಂಜನೆ. ಎಲ್ಲರೂ ಬುತ್ತಿಯ ಚೀಲ ಕೆಳಗಿಟ್ಟು ಕಿವಿ ಕೊಡುತ್ತಾರೆ, ಒಳ್ಳೆಯದು ಬಂದರೆ ಹೂಂ ಎನ್ನುತ್ತಾರೆ. ನಮ್ಮ ಸರದಿ ಬಂತು. ನಾನು ಕಟ್ಟೆಯ ತುದಿಗೆ ಹೋಗಿ ಚಿಕ್ಕಮ್ಮನ ಕಡೆ ತಿರುಗಿ ಚೀಟಿ ಬಿಚ್ಚಿದೆ. ಬೆಳಗಿನ ಬಿಸಿಲಿನಲ್ಲಿ ಅವಳ ಹೊಗೆ ನೆಟ್ಟಗೆ ಏರುತ್ತಿತ್ತು. ಹನ್ನೆರಡು ವರ್ಷ ಅವಳಿಗೆ ಸುಳ್ಳು ಓದಿದ್ದೇನೆ. ಹನ್ನೆರಡು ವರ್ಷವೂ ಅವಳು ಅರ್ಧವನ್ನು ನಂಬಿ ಅರ್ಧ ಬೂದಿ ಹಾಕಿದ್ದಾಳೆ. ಪಾಪ, ಬಾರದ ನೆಂಟರಿಗಾಗಿ ಕಾಯುವವರ ಸಿಟ್ಟು ಎಂಥದೆಂದು ನನಗೂ ಗೊತ್ತು. ಮೊದಲ ಸಾಲು ಓದಿದೆ. ಎರಡನೆಯದು ಆ ವೈದ್ಯರ ಸುಳ್ಳು, ಅದನ್ನು ಓದಲಿಲ್ಲ. ಚೀಟಿ ಮಡಿಸಿ ಸೆರಗಿನಲ್ಲಿ ಸಿಕ್ಕಿಸಿಕೊಂಡೆ.

“ಚಿಕ್ಕಮ್ಮ, ಅತ್ತೆ ಮಂಡಿ ನೋವು ನಿಜ. ಆದ್ರೆ ನಾವು ಬರ್ದೆ ಇರೋದಕ್ಕೆ ಅದು ಕಾರಣ ಅಲ್ಲ. ದೊಡ್ಡಮ್ಮ ಮುನಿದ್ರೆ ಇವರ ಗಡಿಯಾರ ಕೆಡುತ್ತೆ, ನೀನು ಮುನಿದ್ರೆ ನನ್ನ ಸಂಡಿಗೆ ಕೆಡುತ್ತೆ. ಸಂಡಿಗೆ ಕೆಟ್ರೆ ಪರವಾಗಿಲ್ಲ ಅಂತ ನಮ್ಮನೇಲಿ ತೀರ್ಮಾನ ಆಗಿದೆ. ನನಗೆ ನಿನ್ನ ಹತ್ರ ಬರ್ಬೇಕು ಅಂತ ಇತ್ತು. ಹನ್ನೆರಡು ವರ್ಷದಿಂದ ಇತ್ತು. ಇಷ್ಟೇ.”

ಕಟ್ಟೆಯ ಮೇಲೆ ಯಾರೂ ಹೂಂ ಎನ್ನಲಿಲ್ಲ. ತುಂಗಕ್ಕ ಮಾತ್ರ, ಇದೇನು ನೆಪವೋ ಜಗಳವೋ ಎಂದು ಗಂಡನ ಕಿವಿಯಲ್ಲಿ ಕೇಳಿದಳು, ಆ ಕಿವಿ ಮಂದವಾದ್ದರಿಂದ ಎಲ್ಲರಿಗೂ ಕೇಳಿಸಿತು. ನಮ್ಮವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದವರು ದೋಣಿ ಬರುವವರೆಗೆ ಮೇಲೇಳಲಿಲ್ಲ.

ದೊಡ್ಡಮ್ಮನ ಬಳಿ ಐದು ದಿನ ಚೆನ್ನಾಗಿಯೇ ಕಳೆದವು. ಅತ್ತೆ ನೀರಿನಿಂದ ಹೊರಗೆ ಬರಲು ಒಪ್ಪಲಿಲ್ಲ. ಊಟವನ್ನೂ ಕೊಳದ ದಂಡೆಗೇ ತರಿಸಿಕೊಂಡರು. ಚಂಪಕ ಹಕ್ಕಿ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಕೊಳಕ್ಕೆ ಬಂದವರಿಗೆಲ್ಲ ಗಂಟೆ ಹೇಳಿದಳು. ನಮ್ಮವರಿಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಚಿಕ್ಕಮ್ಮನ ನೆತ್ತಿಯ ಮೇಲೆ ಆ ಐದು ದಿನವೂ ಹೊಗೆ ಇರಲಿಲ್ಲ. ಹೊಗೆ ಇಲ್ಲದ ಚಿಕ್ಕಮ್ಮನನ್ನು ಊರಿನವರು ಯಾರೂ ನೋಡಿರಲಿಲ್ಲ. ಏನೋ ಯೋಚನೆ ಮಾಡ್ತಿದಾಳೆ ಎಂದು ಅವರು ದಿನಕ್ಕೆ ಹತ್ತು ಸಲ ಹೇಳಿದರು. ಬೂದಿಯ ಭಾರಕ್ಕೆ ತಾರಸಿಯೇ ಕುಸಿದಿರಬಹುದೆಂದು ಹಿಂದಿರುಗುವಾಗ ನನಗೂ ಅನಿಸಿತು. ಬಂದವಳೇ ಚೀಲ ಜಗಲಿಯ ಮೇಲೆ ಬಿಟ್ಟು ಮೆಟ್ಟಿಲು ಹತ್ತಿದೆ. ತಾರಸಿ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಬೂದಿ ಇರಲಿ, ಒಂದು ಒಣ ಎಲೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೂರು ಪಂಚೆ ಹಾಸಿ ಅರಳು ಸಂಡಿಗೆ ಇಟ್ಟೆ. ಇಟ್ಟು ಕೆಳಗೆ ಬಂದರೆ ನಮ್ಮವರು ಮೇಜಿನ ಮುಂದೆ ಅಲುಗಾಡದೆ ಕುಳಿತಿದ್ದಾರೆ. ತಲೆಯ ಮೇಲೆ, ಎರಡು ಹೆಗಲ ಮೇಲೆ, ಮೂಗಿನ ತುದಿಯ ಮೇಲೆ ಬೂದಿ. ಕಿಟಕಿ ಮುಚ್ಚಿತ್ತು. ಚಾವಣಿಯ ಬಿರುಕಿನಿಂದ ಒಂದು ಚಮಚದಷ್ಟು ನೇರ ಅವರ ಮೇಲೆಯೇ ಬಿದ್ದಿತ್ತು. ಮೇಜನ್ನು ಅಡುಗೆಮನೆಗೆ ಸರಿಸಿದರು, ಹೊಗೆಗೂಡಿನಿಂದ ಬಿತ್ತು. ಕೋಣೆಗೆ ಹೋದರು, ಜೇಡರ ಬಲೆಯ ಪಕ್ಕದಿಂದ ಬಿತ್ತು. ಕೊಡೆ ಬಿಚ್ಚಿ ಕುಳಿತರು. ಕೊಡೆಯ ಒಳಗಡೆಯೇ ಬಿತ್ತು. ಗಡಿಯಾರದ ಹೊಟ್ಟೆಗೆ ಧೂಳಿನ ಕಣ ಹೋದರೆ ಸಾಕು, ನಿಂತುಬಿಡುತ್ತದೆ. ಒಂದೇ ವಾರದಲ್ಲಿ ಒಂಬತ್ತು ನಿಂತವು.

ಉಳಿದವರನ್ನೂ ಚಿಕ್ಕಮ್ಮ ಮರೆತಿರಲಿಲ್ಲ. ಚಂಪಕಳ ಮರದ ಹಕ್ಕಿ ಬಾಗಿಲು ತೆರೆದಾಗಲೆಲ್ಲ ಒಂದು ಚಿಟಿಕೆ ಬೂದಿಯನ್ನು ಊದಿ, ಆಮೇಲೆ ಕೂಗುತ್ತಿತ್ತು. ಮಗಳಿಗೆ ಇನ್ನೂ ಖುಷಿಯೇ ಆಯಿತು, ಗೆಳತಿಯರನ್ನೆಲ್ಲ ಕರೆತಂದು ತೋರಿಸಿದಳು. ಅತ್ತೆಯ ಮೇಲೆ ಏನೂ ಬೀಳಲಿಲ್ಲ. ಆದರೂ ಅವರು ದಿನವೂ ಸ್ನಾನವಾದ ಮೇಲೆ ಹಿತ್ತಿಲಿಗೆ ಹೋಗಿ, ಸಮುದ್ರದ ಕಡೆ ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ, ನೋಡಮ್ಮ, ಊದಿರೋದು ನಿಜ ಎಂದು ತೋರಿಸಿ ಬರುತ್ತಿದ್ದರು. ತುಂಗಕ್ಕ ಬಟ್ಟಲು ಹಿಡಿದು ಬಂದಳು. ಏನು ಬೇಕು ಎಂದರೆ, ನಿಮ್ಮ ಯಜಮಾನರ ಹೆಗಲ ಮೇಲಿಂದ ಒಂದಿಷ್ಟು ಬೂದಿ, ಹಿತ್ತಾಳೆ ಕೊಡ ಕಪ್ಪಾಗಿದೆ ಎಂದಳು. ಅವರು ಎದ್ದು ನಿಂತು ತಲೆ ಬಗ್ಗಿಸಿದರು. ನಾನು ಮೆತ್ತನೆಯ ಬಟ್ಟೆಯಿಂದ ಬಟ್ಟಲಿಗೆ ಕೊಡವಿದೆ.

ನಾನು ಅವರನ್ನು ನೋಯಿಸುವ ಮಾತು ಒಂದೂ ಆಡಲಿಲ್ಲ. ಬೆಳಿಗ್ಗೆ ಸಂಜೆ ಹೆಗಲು ಒರೆಸಿದೆ, ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟೆ, ಕೂದಲು ಒರಟಾಯಿತೆಂದು ಎಣ್ಣೆ ತಿಕ್ಕಿದೆ. ಎಣ್ಣೆಯ ಮೇಲೆ ಬೂದಿ ಇನ್ನಷ್ಟು ಚೆನ್ನಾಗಿ ಕೂರುತ್ತದೆಂದು ನನಗೆ ಮೊದಲೇ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು.

ಎರಡನೆಯ ವಾರ ಅವರು, ಒಂದು ಕ್ಷಮಾಪಣೆ ಬರೆದುಕೊಡು ಎಂದು ಕೇಳಿದರು. ಈ ಸಲ ನೀವೇ ಬರೆದುಕೊಳ್ಳಿ ಎಂದೆ. ಒಂದು ಮಧ್ಯಾಹ್ನ ಪೂರ್ತಿ ಕುಳಿತು ಬರೆದು, ಕಟ್ಟೆಗೆ ಹೋಗಿ ಓದಿ ಬಂದರು. ಏನು ಓದಿದಿರಿ ಎಂದು ಕೇಳಿದರೆ, ಗಡಿಯಾರ ಎಷ್ಟು ಸೂಕ್ಷ್ಮದ ವಸ್ತು, ಅದರೊಳಗೆ ಎಷ್ಟು ಚಕ್ರಗಳಿರುತ್ತವೆ ಎಂದು ವಿವರಿಸಿದೆ ಎಂದರು. ಅವರು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಂದು ಸೌಟಿನಷ್ಟು ಬಿತ್ತು.

ಕ್ಯಾಂಟೀನಿಗೆ ಮೊದಲ ಎರಡು ಡಬ್ಬ ಹೋದ ದಿನ ನಾನು ತಾರಸಿಯ ಮೇಲೆ ಎರಡನೆಯ ಸಲದ್ದನ್ನು ಹರಡುತ್ತಿದ್ದೆ. ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಹನ್ನೆರಡು ವರ್ಷದಲ್ಲಿ ನಮ್ಮವರು ತಾರಸಿಗೆ ಬಂದದ್ದು ನೀರಿನ ತೊಟ್ಟಿ ಒಡೆದಾಗ ಒಮ್ಮೆ. ಬಾಗಿಲಿನವರೆಗೆ ಬೂದಿ ಅವರ ಜೊತೆಗೇ ಬಂತು. ಹೊಸ್ತಿಲು ದಾಟಿದ ಕೂಡಲೇ ನಿಂತಿತು. ಅವರು ತಲೆ ಎತ್ತಿ ಆಕಾಶ ನೋಡಿದರು, ಅಂಗೈ ಚಾಚಿ ನೋಡಿದರು, ಮತ್ತೆ ಒಳಗೆ ಒಂದು ಹೆಜ್ಜೆ ಇಟ್ಟು ಚಮಚದಷ್ಟು ಬೂದಿ ಬೀಳಿಸಿಕೊಂಡು ಹೊರಗೆ ಬಂದರು. ದೂರದಲ್ಲಿ ಚಿಕ್ಕಮ್ಮನ ತಲೆಯ ಮೇಲೆ ಹೊಗೆ ಮತ್ತೆ ಎಳೆಯಾಗಿ ಏರುತ್ತಿತ್ತು. ಸಂಡಿಗೆ ಇರುವ ಕಡೆ ಅವಳು ಉದುರಿಸುವುದಿಲ್ಲ ಎಂದು ಅವರಿಗೂ ತಿಳಿಯಿತು, ನನಗೂ.

ಅವರು ಪಂಚೆಗಳ ಹತ್ತಿರ ಬಂದು ಬಗ್ಗಿದರು. ಮೂರು ಪಂಚೆಯಲ್ಲಿ ಸಾಲಾಗಿ ಇಟ್ಟಿದ್ದನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು. ಇಷ್ಟೆಲ್ಲ ಒಂದೇ ಬೆಳಿಗ್ಗೆಯಲ್ಲಿ ಇಡುತ್ತೀಯಾ ಎಂದು ಕೇಳಿದರು. ಐದು ಗಂಟೆಗೆ ಏಳುತ್ತೇನಲ್ಲ ಎಂದೆ. ಗಡಿಯಾರದವರಿಗೆ ಐದು ಗಂಟೆ ಎಂದರೆ ಏನೆಂದು ಅರ್ಥವಾಗಿರಬೇಕು.

“ವನಜ, ಇಲ್ಲೊಂದು ಮೂಲೆ ಕೊಡ್ತೀಯಾ? ಮೇಜು ಚಿಕ್ಕದೇ.”

ಮೂಲೆ ಕೊಡಬಹುದು, ಆದರೆ ಬಿಸಿಲಿಗೆ ಅಡ್ಡ ಬರಬಾರದು ಎಂದೆ. ನೆರಳು ಬಿದ್ದ ಕಡೆ ಸಂಡಿಗೆ ಹಸಿಯಾಗಿಯೇ ಉಳಿಯುತ್ತದೆ, ಸೂರ್ಯ ತಿರುಗಿದ ಹಾಗೆ ಮೇಜೂ ತಿರುಗಬೇಕು ಎಂದೆ. ಕಾಗೆ ಬಂದರೆ ಓಡಿಸುವುದಕ್ಕೆ ಗಳ ಅಲ್ಲಿದೆ ಎಂದೂ ತೋರಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿ, ಕೆಳಗಿಳಿದು ಮೇಜನ್ನು ಹೊತ್ತು ತಂದರು.

ಈಗ ಮಧ್ಯಾಹ್ನ. ಕೆಳಗೆ ಕುಕ್ಕರ್ ಮೂರನೆಯ ಸಲ ಕೂಗಿತು. ಮೇಲಿನಿಂದ ಗಳದ ಸದ್ದು, ಹುಶ್ ಎನ್ನುವ ಸದ್ದು, ಮೇಜಿನ ಕಾಲು ಎಳೆಯುವ ಸದ್ದು ಬರುತ್ತಿದೆ; ಸೂರ್ಯ ನೀರಿನ ತೊಟ್ಟಿಯ ಮೇಲೆ ಬಂದಿರಬೇಕು. ಕುಕ್ಕರ್ ಇಳಿಸುತ್ತಿದ್ದಾಗ ಮೆಟ್ಟಿಲಿನ ತುದಿಯಿಂದ ಕೂಗಿದರು, ನಡುವಿನ ಪಂಚೆಯದು ಮೇಲ್ಗಡೆ ಒಣಗಿದೆ, ಪಂಚೆ ಹಿಂದುಗಡೆ ನೀರು ಚಿಮುಕಿಸಿ ಬಿಡಿಸಿ, ತಿರುವಿ ಹಾಕಲೇ ಎಂದು. ಅದನ್ನು ಯಾರು ಕಲಿಸಿದರೋ, ನೋಡಿಯೇ ಕಲಿತರೋ. ಅವರ ಬೆರಳುಗಳಲ್ಲಿ ಯಾವಾಗಲೂ ಗಡಿಯಾರದ ಎಣ್ಣೆ ಇರುತ್ತದೆ.

ಕೈ ತೊಳೆದುಕೊಂಡು ತಿರುವಿ ಎಂದೆ.